ಜನಾದೇಶದ ಅರ್ಥವೂ ಸ್ಕಾಟ್ಲೆಂಡಿನ ಸ್ವಾತಂತ್ರ್ಯದ ಪ್ರಶ್ನೆಯೂ

ಪ್ರಜಾಪ್ರಭುತ್ವವನ್ನು ಒಪ್ಪಿದ ರಾಷ್ಟ್ರಗಳಲ್ಲಿ ಬಹುಮತವೇ ನಿರ್ಣಾಯಕವೆಂಬುದು ಸಾಮಾನ್ಯ ನಿಯಮ. ಆದರೆ ‘ಜನಾದೇಶ’ವೆಂಬ ಸಮಾಸವನ್ನು ಬಿಡಿಸಿ ನೋಡಿದರೆ ಎರಡು ಪ್ರಶ್ನೆಗಳು ಏಳುತ್ತವೆ: ಇಲ್ಲಿ ‘ಜನ’ವೆಂದರೆ ಯಾರು? ಅವರು ‘ಆದೇಶ’ವನ್ನಿತ್ತುದು ಯಾವ ವಿಷಯದಲ್ಲಿ? ಇವಕ್ಕೆ ಮುಂಚಿತವಾಗಿಯೇ ಉತ್ತರವು ನಿಶ್ಚಿತವಾಗಿರದಿದ್ದರೆ ಮತಗಳ ಎಣಿಕೆಯೊಂದರಿಂದಲೇ ವಿವಾದವು ಮುಗಿಯುವುದಿಲ್ಲ. ಸ್ಕಾಟ್ಲೆಂಡಿನ ಸ್ವಾತಂತ್ರ್ಯದ ಪ್ರಶ್ನೆಯು ಇದಕ್ಕೆ ತಕ್ಕ ನಿದರ್ಶನ.

೧೬೦೩ರಲ್ಲಿ ಸ್ಕಾಟ್ಲೆಂಡಿನ ಆರನೆಯ ಜೇಮ್ಸನು ಇಂಗ್ಲೆಂಡಿನ ಸಿಂಹಾಸನವನ್ನೂ ಏರಿದನು. ೧೭೦೭ರಲ್ಲಿ ಎರಡು ಪಾರ್ಲಿಮೆಂಟುಗಳೂ ಒಂದಾದುವು. ಆದರೂ ಸ್ಕಾಟ್ಲೆಂಡಿನ ನ್ಯಾಯಪದ್ಧತಿ, ಚರ್ಚು, ವಿದ್ಯಾಭ್ಯಾಸಕ್ರಮ ಇವು ಪ್ರತ್ಯೇಕವಾಗಿಯೇ ಉಳಿದುವು. ರಾಜ್ಯಾಂಗತತ್ತ್ವದಲ್ಲಿಯೂ ಭೇದವುಂಟು. ಪಾರ್ಲಿಮೆಂಟಿನ ಅಧಿಕಾರಕ್ಕೆ ಎಲ್ಲೆಯಿಲ್ಲವೆಂಬುದು ಇಂಗ್ಲಿಷರ ಸಿದ್ಧಾಂತ. ಸ್ಕಾಟ್ಲೆಂಡಿನ ಸಂಪ್ರದಾಯದಲ್ಲಿ ಅದಕ್ಕೆ ಆಧಾರವಿಲ್ಲವೆಂದು ನ್ಯಾಯಾಧೀಶ ಲಾರ್ಡ್ ಕೂಪರರು ೧೯೫೩ರ ಮೊಕದ್ದಮೆಯೊಂದರಲ್ಲಿ ಅಭಿಪ್ರಾಯಪಟ್ಟರು. ತಮಗೆ ತಕ್ಕ ಸರಕಾರವು ಯಾವುದೆಂದು ನಿರ್ಧರಿಸುವ ಪರಮಾಧಿಕಾರವು ಸ್ಕಾಟಿಷ್ ಜನರದೇ ಎಂದು ೧೯೮೯ರ ‘ಕ್ಲೇಮ್ ಆಫ್ ರೈಟ್’ ಎಂಬ ಹಕ್ಕಿನ ಘೋಷಣೆಯು ಸಾರಿತು. ಮುಂದಿನ ವಿವಾದಗಳ ಬೀಜವು ಇಲ್ಲಿದೆ.

ಜನಮತಗಣನೆಯ ಫಲವು ಅದರ ನಿಬಂಧನೆಗಳನ್ನು ಎಷ್ಟರಮಟ್ಟಿಗೆ ಅವಲಂಬಿಸಿದೆಯೆಂಬುದು ೧೯೭೯ರಲ್ಲಿಯೇ ಕಂಡುಬಂದಿತು. ಆಗ ಪ್ರತ್ಯೇಕ ಶಾಸನಸಭೆಯು ಬೇಕೆಂದವರು ಮತ ಕೊಟ್ಟವರಲ್ಲಿ ಶೇಕಡ ೫೧.೬. ಆದರೆ ಒಟ್ಟು ಮತದಾರರಲ್ಲಿ ಶೇಕಡ ೪೦ರಷ್ಟಾದರೂ ಒಪ್ಪಬೇಕೆಂಬ ನಿಬಂಧನೆಯಿದ್ದು, ಒಪ್ಪಿದವರು ಶೇಕಡ ೩೩ರಷ್ಟು ಮಾತ್ರವೇ ಆದುದರಿಂದ ಯೋಜನೆಯು ಬಿದ್ದುಹೋಯಿತು. ೧೯೯೭ರಲ್ಲಿ ಅಂಥ ನಿಬಂಧನೆಯಿಲ್ಲದೆ ಕೇಳಿದಾಗ ಶೇಕಡ ೭೪.೩ ಮಂದಿ ಒಪ್ಪಿದರು. ೧೯೯೯ರಲ್ಲಿ ಎಡಿನ್‌ಬರೋ ನಗರದಲ್ಲಿ ಸ್ಕಾಟಿಷ್ ಪಾರ್ಲಿಮೆಂಟು ಸೇರಿತು.

೨೦೧೧ರ ಚುನಾವಣೆಯಲ್ಲಿ ಸ್ವಾತಂತ್ರ್ಯವಾದಿಗಳಾದ ಸ್ಕಾಟಿಷ್ ನ್ಯಾಷನಲ್ ಪಕ್ಷದವರು ೧೨೯ ಸ್ಥಾನಗಳಲ್ಲಿ ೬೯ನ್ನು ಗೆದ್ದರು. ೨೦೧೨ರ ಅಕ್ಟೋಬರಿನಲ್ಲಿ ಎಡಿನ್‌ಬರೋ ಒಪ್ಪಂದವಾಯಿತು. ಫಲಿತಾಂಶವು ಏನೇ ಆಗಲಿ ಅದನ್ನು ಗೌರವಿಸುವೆವೆಂದು ಉಭಯ ಸರಕಾರಗಳೂ ಮಾತು ಕೊಟ್ಟುವು. ೨೦೧೪ರ ಸೆಪ್ಟೆಂಬರ್ ೧೮ರಂದು ಸ್ಕಾಟ್ಲೆಂಡು ಸ್ವತಂತ್ರ ದೇಶವಾಗಬೇಕೆ ಎಂದು ಕೇಳಿದಾಗ ಮತದಾರರಲ್ಲಿ ಶೇಕಡ ೮೪.೬ ಮಂದಿ ಮತ ಕೊಟ್ಟರು. ‘ಬೇಡ’ವೆಂದವರು ಶೇಕಡ ೫೫.೩, ‘ಬೇಕು’ ಎಂದವರು ಶೇಕಡ ೪೪.೭. ಸೋತವರು ಮನನೊಂದರೂ ಎಣಿಕೆಯ ನ್ಯಾಯವನ್ನು ಮಾನ್ಯಮಾಡಿದರು. ಪ್ರಶ್ನೆ, ಮತದಾರರು, ಅಧಿಕಾರ ಈ ಮೂರೂ ಮೊದಲೇ ಒಪ್ಪಿತವಾಗಿದ್ದುದೇ ಇದಕ್ಕೆ ಕಾರಣ.

ಎರಡು ವರ್ಷ ಕಳೆಯುವಷ್ಟರಲ್ಲಿ ಪರಿಸ್ಥಿತಿಯು ಬದಲಾಯಿತು. ೨೦೧೬ರ ಜೂನ್ ೨೩ರಂದು ಐರೋಪ್ಯ ಒಕ್ಕೂಟವನ್ನು ಬಿಡಬೇಕೆಂದು ಯುನೈಟೆಡ್ ಕಿಂಗ್‌ಡಮ್ಮಿನ ಶೇಕಡ ೫೧.೯ ಮತಗಳು ನಿರ್ಣಯಿಸಿದುವು. ಸ್ಕಾಟ್ಲೆಂಡಿನಲ್ಲಾದರೋ ಶೇಕಡ ೬೨ ಮತಗಳು ಉಳಿಯಬೇಕೆಂಬುದಕ್ಕೆ ಬಿದ್ದುವು, ಅಲ್ಲಿನ ೩೨ ಸ್ಥಳೀಯ ಆಡಳಿತ ಪ್ರದೇಶಗಳಲ್ಲಿ ಒಂದೂ ತಪ್ಪಲಿಲ್ಲ. ಗಮನಿಸಬೇಕಾದ ಅಂಶವೆಂದರೆ, ಈ ಎರಡು ಗಣನೆಗಳಲ್ಲಿ ‘ಜನ’ವೇ ಒಂದಲ್ಲ. ೨೦೧೪ರಲ್ಲಿ ೧೬, ೧೭ ವರ್ಷದವರಿಗೂ ಸ್ಕಾಟ್ಲೆಂಡಿನಲ್ಲಿ ನೆಲಸಿದ್ದ ಐರೋಪ್ಯ ಒಕ್ಕೂಟದ ಪ್ರಜೆಗಳಿಗೂ ಮತವಿದ್ದಿತು. ೨೦೧೬ರಲ್ಲಿ ಆ ತರುಣರಿಗೂ ಆ ಪ್ರಜೆಗಳಲ್ಲಿ ಬಹುಪಾಲಿನವರಿಗೂ ಇರಲಿಲ್ಲ.

ವ್ಯಾಕರಣದಲ್ಲಿ ಒಂದಕ್ಷರವನ್ನು ತೆಗೆದು ಅದರ ಸ್ಥಾನದಲ್ಲಿ ಮತ್ತೊಂದು ನಿಲ್ಲುವುದಕ್ಕೆ ಆದೇಶವೆಂದು ಹೆಸರು. ಆ ಅರ್ಥದಲ್ಲಿ ೨೦೧೬ರ ಆದೇಶವು ೨೦೧೪ರದನ್ನು ತೆಗೆದು ನಿಂತಿತೆ? ಸ್ವಾತಂತ್ರ್ಯವಾದಿಗಳು ಹೌದೆನ್ನುತ್ತಾರೆ: ಯುನೈಟೆಡ್ ಕಿಂಗ್‌ಡಮ್ಮಿನಲ್ಲಿ ಉಳಿಯುವುದೇ ಐರೋಪ್ಯ ಒಕ್ಕೂಟದಲ್ಲಿ ಉಳಿಯುವ ಮಾರ್ಗವೆಂದು ೨೦೧೪ರಲ್ಲಿ ಹೇಳಲಾಗಿತ್ತು, ಆ ಆಧಾರವು ಕುಸಿದ ಮೇಲೆ ಹಳೆಯ ಸಮ್ಮತಿಯು ಬಂಧಕವಲ್ಲ. ಪ್ರತಿಪಕ್ಷದವರು ಅಲ್ಲವೆನ್ನುತ್ತಾರೆ: ಅಂದಿನ ಗಣನೆಯು ಒಂದು ತಲೆಮಾರಿಗೊಮ್ಮೆ ಬರುವ ಅವಕಾಶವೆಂದು ಸ್ವಾತಂತ್ರ್ಯವಾದಿಗಳೇ ಸಾರಿದ್ದರು, ೨೦೧೬ರಲ್ಲಿ ಕೇಳಿದುದು ಬೇರೆಯೇ ಪ್ರಶ್ನೆ. ಎರಡು ವಾದಗಳಲ್ಲಿಯೂ ಸತ್ಯಾಂಶವಿದೆ. ಒಕ್ಕೂಟದಲ್ಲಿ ಉಳಿಯಬೇಕೆಂದ ಶೇಕಡ ೬೨ ಮತಗಳನ್ನು ಸ್ವಾತಂತ್ರ್ಯದ ಮತಗಳೆಂದು ಎಣಿಸುವುದು ಯುಕ್ತವಲ್ಲ. ಅವನ್ನು ಇಲ್ಲವೆನಿಸುವುದೂ ಯುಕ್ತವಲ್ಲ.

ಹೊಸ ಗಣನೆಗೆ ಅನುಮತಿಯನ್ನು ಕೇಳಿದಾಗ ಪ್ರಧಾನಿ ಥೆರೇಸಾ ಮೇಯವರು ೨೦೧೭ರಲ್ಲಿ ಇದು ಸಮಯವಲ್ಲವೆಂದರು. ೨೦೨೦ರಲ್ಲಿ ಬೋರಿಸ್ ಜಾನ್ಸನರೂ ನಿರಾಕರಿಸಿದರು. ಲಂಡನ್ನಿನ ಸಮ್ಮತಿಯಿಲ್ಲದೆ ಸ್ಕಾಟಿಷ್ ಪಾರ್ಲಿಮೆಂಟು ಗಣನೆಗಾಗಿ ಶಾಸನ ಮಾಡಲಾಗದೆಂದು ೨೦೨೨ರ ನವೆಂಬರ್ ೨೩ರಂದು ಸರ್ವೋಚ್ಚ ನ್ಯಾಯಾಲಯವು ಏಕಮತದಿಂದ ತೀರ್ಪಿತ್ತಿತು. ಆ ಗಣನೆಯು ಕೇವಲ ಸಲಹಾರೂಪದ್ದೆಂಬ ವಾದವನ್ನು ಅದು ಒಪ್ಪಲಿಲ್ಲ. ಅದೇಕೆಂದರೆ, ಕಾನೂನಿನ ಬಲವಿಲ್ಲದಿದ್ದರೂ ಜನರ ಸ್ಪಷ್ಟೋಕ್ತಿಗೆ ರಾಜಕೀಯದಲ್ಲಿ ಭಾರಿಯಾದ ಪರಿಣಾಮವುಂಟು. ಹೀಗೆ ಜನಾದೇಶದ ಮಹತ್ತ್ವವೇ ಅದನ್ನು ಕೇಳುವುದಕ್ಕೆ ಅಡ್ಡಿಯಾಯಿತು. ಉತ್ತರ ಐರ್ಲೆಂಡಿಗಾದರೆ ೧೯೯೮ರ ಶಾಸನವು ಒಂದು ಮಾರ್ಗವನ್ನು ವಿಧಿಸಿದೆ: ಐರ್ಲೆಂಡಿನೊಡನೆ ಸೇರುವುದಕ್ಕೆ ಬಹುಮತವಿರುವಂತೆ ತೋರಿದರೆ ಗಣನೆಯು ನಡೆಯಬೇಕು; ಎರಡು ಗಣನೆಗಳ ನಡುವೆ ೭ ವರ್ಷಗಳ ಅಂತರವಿರಬೇಕು. ಸ್ಕಾಟ್ಲೆಂಡಿಗೆ ಅಂಥ ಮಾರ್ಗವನ್ನು ಯಾವ ಶಾಸನವೂ ವಿಧಿಸಿಲ್ಲ.

ಚುನಾವಣೆಗಳಿಂದ ಈ ಕೊರತೆಯು ನೀಗುವುದಿಲ್ಲ. ೨೦೧೯ರಲ್ಲಿ ಸ್ಕಾಟ್ಲೆಂಡಿನ ಶೇಕಡ ೪೫ ಮತಗಳಿಂದ ಸ್ವಾತಂತ್ರ್ಯವಾದಿ ಪಕ್ಷಕ್ಕೆ ಅಲ್ಲಿನ ೫೯ ಸ್ಥಾನಗಳಲ್ಲಿ ೪೮ ದೊರೆತುವು. ೨೦೨೪ರಲ್ಲಿ ಶೇಕಡ ೩೦ ಮತಗಳಿಂದ ೫೭ರಲ್ಲಿ ೯ ಮಾತ್ರ. ಸ್ಥಾನಗಳು ಹೀಗೆ ಏರಿಳಿಯುವಲ್ಲಿ, ಗೆದ್ದಾಗ ಅವನ್ನು ಸ್ವಾತಂತ್ರ್ಯದ ಆದೇಶವೆಂದರೆ ಸೋತಾಗ ಅದು ರದ್ದಾಯಿತೆಂದೂ ಒಪ್ಪಬೇಕಾಗುತ್ತದೆ.

ಜನಾದೇಶದ ಬಲವು ಗೆದ್ದವರ ಸಂಖ್ಯೆಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಸೋತವರ ಸಮ್ಮತಿಯಲ್ಲಿದೆ. ಆ ಸಮ್ಮತಿಯಾದರೋ ಮುಂಚಿತವಾಗಿ ಒಪ್ಪಿದ ಕ್ರಮದಿಂದಲೇ ಹುಟ್ಟತಕ್ಕದ್ದು. ಆ ಕ್ರಮವು ೨೦೧೪ಕ್ಕೆ ಇದ್ದಿತು. ಆಮೇಲಿನ ಬೇಡಿಕೆಗಳಿಗೆ ಇಲ್ಲವಾಯಿತು. ಜನರನ್ನು ಮತ್ತೆ ಯಾವಾಗ, ಯಾರು, ಯಾವ ಷರತ್ತಿನ ಮೇಲೆ ಕೇಳಬಹುದೆಂಬುದನ್ನು ಉಭಯಪಕ್ಷದವರೂ ಕೂಡಿ ನಿರ್ಧರಿಸುವವರೆಗೆ, ಬೇಕೆಂಬವರ ಸಂಖ್ಯೆಯು ಏರಿದರೂ ಇಳಿದರೂ ಈ ವಿವಾದವು ಇತ್ಯರ್ಥವಾಗಲಾರದು.