ಎರಡಾಣೆಯ ಉಳಿತಾಯ, ಹತ್ತು ರೂಪಾಯಿಯ ಬೆಳಕು

ಕೈಮಗ್ಗದ ಕಸುಬು ಸಂಕಟಕ್ಕೆ ಸಿಕ್ಕಿ, ಕರಾವಳಿಯ ನೇಕಾರರು ನೂಲಿಗೂ ಹಣವಿಲ್ಲದೆ ಕಂಗೆಟ್ಟಿದ್ದ ಕಾಲದಲ್ಲಿ, ಅಂದರೆ 1925ರಲ್ಲಿ, ವರ್ತಕರಾದ ಉಪೇಂದ್ರ ಅನಂತ ಪೈ, ಇಂಜಿನಿಯರರಾದ ವಾಮನ ಕುಡ್ವ, ವೈದ್ಯರಾದ ಡಾ. ಟಿ. ಎಂ. ಎ. ಪೈ ಈ ಮೂವರು ಉಡುಪಿಯಲ್ಲಿ ಕೂಡಿ, 8,000 ರೂಪಾಯಿಗಳ ಮೂಲಧನದಿಂದ ಒಂದು ಬ್ಯಾಂಕನ್ನು ಸ್ಥಾಪಿಸಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ನಾಡಿಗೆ ಪರಿಚಿತವಾದ ಆ ಸಂಸ್ಥೆಯು 1928ರಲ್ಲಿ ಪಿಗ್ಮಿ ಎಂಬ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಳುಕುವವನ ಮನೆಯ ಬಾಗಿಲಿಗೇ ಬ್ಯಾಂಕಿನ ಪ್ರತಿನಿಧಿ ಪ್ರತಿದಿನವೂ ಹೋಗಿ, ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಗೌರವದಿಂದ ಸ್ವೀಕರಿಸಿ ಲೆಕ್ಕಕ್ಕೆ ಬರೆದುಕೊಳ್ಳುತ್ತಿದ್ದನು. ದಿನಗೂಲಿಯವನ ಸಂಪಾದನೆ ದಿನದಿನದ್ದಾದುದರಿಂದ ಅವನ ಉಳಿತಾಯವೂ ದಿನದಿನದ್ದೇ ಆಗಬೇಕೆಂಬ ಸರಳವಾದ ತಿಳಿವಳಿಕೆಯೇ ಆ ಯೋಜನೆಯ ಜೀವಾಳವಾಗಿತ್ತು.

ಇಂದು ಸಾಮಾಜಿಕ ಉದ್ಯಮಶೀಲತೆಯೆಂದು ಕರೆಯಲ್ಪಡುವ ವಿಚಾರದ ತಿರುಳು ಇದೇ. ಸಮಾಜದ ಒಂದು ಕೊರತೆಯನ್ನು ನೀಗುವುದನ್ನೇ ಗುರಿಯಾಗಿಟ್ಟುಕೊಂಡು, ಅದಕ್ಕಾಗಿ ವ್ಯಾಪಾರದ ಶಿಸ್ತನ್ನೂ ಲೆಕ್ಕಾಚಾರವನ್ನೂ ಅವಲಂಬಿಸುವ ಉದ್ಯಮವಿದು. ದಾನವು ಶ್ರೇಷ್ಠವಾದದ್ದೇ ಆದರೂ ದಾನಿಯ ಕೈ ಬರಿದಾದಾಗ ಅದು ನಿಲ್ಲುತ್ತದೆ. ವ್ಯಾಪಾರವು ತನ್ನ ಕಾಲಮೇಲೆ ತಾನು ನಿಲ್ಲಬಲ್ಲುದಾದರೂ ಲಾಭ ಕಾಣದ ಓಣಿಗೆ ಅದು ಕಾಲಿಡದು. ಸರ್ಕಾರದ ತೋಳು ದೀರ್ಘವಾದದ್ದು, ಆದರೆ ಒಂದೊಂದು ಮನೆಯ ಅಗತ್ಯವನ್ನು ಬೇರೆಬೇರೆಯಾಗಿ ಅಳೆಯುವ ವ್ಯವಧಾನ ಅದಕ್ಕೆ ವಿರಳ. ಈ ಮೂರೂ ಶಕ್ತಿಗಳು ಒಂದೇ ಕಾರ್ಯಕ್ಕೆ ಹೆಗಲು ಕೊಟ್ಟಾಗ ಏನು ಸಾಧ್ಯವೆಂಬುದಕ್ಕೆ ನಮ್ಮ ಕರ್ನಾಟಕದಲ್ಲೇ ಒಂದು ನಿದರ್ಶನವುಂಟು.

ಹರೀಶ್ ಹಂದೆಯವರು ಖರಗ್‌ಪುರದ ಐಐಟಿಯಲ್ಲಿಯೂ ಅನಂತರ ಅಮೆರಿಕದಲ್ಲಿಯೂ ಶಕ್ತಿವಿಜ್ಞಾನವನ್ನು ಅಭ್ಯಸಿಸಿ, 1995ರಲ್ಲಿ ಸೆಲ್ಕೋ ಎಂಬ ಸೌರವಿದ್ಯುತ್ ಕಂಪನಿಯ ಸ್ಥಾಪನೆಗೆ ಕಾರಣರಾದರು. ಬಡವನು ಸೌರದೀಪವನ್ನು ಕೊಳ್ಳಲಾರ, ಕೊಂಡರೂ ಅದನ್ನು ಕಾಪಾಡಿಕೊಳ್ಳಲಾರ, ಸಮಾಜಹಿತದ ಕೆಲಸವನ್ನು ವ್ಯಾಪಾರವಾಗಿ ನಡೆಸಲಾಗದು ಎಂಬ ಮೂರು ನಂಬಿಕೆಗಳನ್ನು ಸುಳ್ಳುಮಾಡುವುದೇ ಆ ಸಂಸ್ಥೆಯ ಸಂಕಲ್ಪವಾಗಿತ್ತು. ಬೀದಿಬದಿಯ ವ್ಯಾಪಾರಿ ಮಹಿಳೆಯೊಬ್ಬಳು ತಮಗೆ ಕಲಿಸಿದ ಪಾಠವನ್ನು ಹಂದೆಯವರು ಹಲವೆಡೆ ಸ್ಮರಿಸಿದ್ದಾರೆ: ತಿಂಗಳಿಗೆ 300 ರೂಪಾಯಿಯೆಂದರೆ ಆಕೆಗೆ ಹೊರಲಾರದ ಹೊರೆ, ದಿನಕ್ಕೆ 10 ರೂಪಾಯಿಯೆಂದರೆ ಸುಲಭಸಾಧ್ಯ. ಗಣಿತದಲ್ಲಿ ಎರಡೂ ಒಂದೇ. ಸಂಜೆಗೆ ಕೈಗೆ ಬಂದ ಹಣ ಮರುದಿನದ ಸರಕಿಗೂ ಮನೆಯ ಅಕ್ಕಿಗೂ ಹಂಚಿಹೋಗುವ ಜೀವನದಲ್ಲಿ ಅವೆರಡರ ನಡುವೆ ಅಜಗಜಾಂತರ. ಎರಡಾಣೆಯ ಪಿಗ್ಮಿ ತಿಳಿದಿದ್ದ ಸತ್ಯವನ್ನೇ ಈ ತಾಯಿಯೂ ನುಡಿದಳು.

ಕಂಪನಿಯು ದೀಪವನ್ನು ಕಟ್ಟಬಲ್ಲುದು, ಕಂತಿನ ಸಾಲವನ್ನು ಕೊಡುವವರಾರು? ಇಲ್ಲಿ ಸಾರ್ವಜನಿಕ ವಲಯವು ಮುಂದೆ ಬಂದಿತು. ಉಡುಪಿಯ ಆ ಬ್ಯಾಂಕು 1969ರಲ್ಲಿ ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಒಂದಾಗಿತ್ತು. ಅದರ ಆಶ್ರಯದಲ್ಲಿ ಹುಟ್ಟಿದ ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕು ಸೌರದೀಪಗಳಿಗೆ ಸಾಲ ಕೊಟ್ಟ ಮೊದಲಿಗರ ಸಾಲಿನಲ್ಲಿ ನಿಂತಿತು. ದೀಪ ಕೆಟ್ಟರೆ ಕಂತೂ ಕೆಡುವುದೆಂಬ ಬ್ಯಾಂಕಿನವರ ಶಂಕೆಗೆ, ಹಳ್ಳಿಗಳಿಗೆ ಹತ್ತಿರದಲ್ಲೇ ಸೇವಾಕೇಂದ್ರಗಳನ್ನು ತೆರೆದು ದುರಸ್ತಿಯ ಹೊಣೆ ಹೊತ್ತ ಕಂಪನಿಯೇ ಉತ್ತರ ಕೊಟ್ಟಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳೊಡನೆ ಕೂಡಿ ಸೌರಸಾಲದ ಬಡ್ಡಿಯ ಭಾರವನ್ನು ಇಳಿಸಿದಾಗ, ಸುಮಾರು 20 ಸಾವಿರ ಸಾಲಗಳು ವಿತರಣೆಯಾದವು. ಸೀಮೆಎಣ್ಣೆಯ ಹೊಗೆಯಲ್ಲಿ ಓದುತ್ತಿದ್ದ ಮಕ್ಕಳಿಗೂ, ಕತ್ತಲಾದಮೇಲೆ ದುಡಿಯಬೇಕಾದ ಹೆಂಗಸರಿಗೂ ಬೆಳಕು ತಲುಪಿದ ಬಗೆಯಿದು.

ದಾರಿಯು ಸುಗಮವಾಗಿಯೇನೂ ಇರಲಿಲ್ಲ. ಜರ್ಮನಿಯು ಸೌರಶಕ್ತಿಗೆ ನೀಡಿದ ಉದಾರ ಪ್ರೋತ್ಸಾಹದಿಂದ ಲೋಕದ ಮಾರುಕಟ್ಟೆಯಲ್ಲಿ ಫಲಕಗಳ ಬೆಲೆ ಏರಿದಾಗ ಸಂಸ್ಥೆಯು ನಷ್ಟಕ್ಕೊಳಗಾಯಿತು. ತ್ವರಿತ ಲಾಭವನ್ನು ಬಯಸದೆ ತಾಳ್ಮೆಯಿಂದ ಕಾಯಬಲ್ಲ ಹೂಡಿಕೆದಾರರು ಬಂದಮೇಲೆಯೇ ಅದು ಚೇತರಿಸಿಕೊಂಡಿತು. ಲಾಭದ ಲೆಕ್ಕಕ್ಕೆ ಸಿಗದ ಪ್ರಯೋಗಗಳನ್ನೂ ಕಡುಬಡವರ ಅಗತ್ಯಗಳನ್ನೂ ವ್ಯಾಪಾರದ ಮೇಲೆ ಹೇರಲಾಗದೆಂಬ ವಿವೇಕದಿಂದ, 2010ರಲ್ಲಿ ಲಾಭರಹಿತವಾದ ಸೆಲ್ಕೋ ಪ್ರತಿಷ್ಠಾನವು ರೂಪುಗೊಂಡಿತು. ದಾನನಿಧಿಗಳಿಂದ ನಡೆಯುವ ಅದು, ಸರ್ಕಾರಗಳ ಜೊತೆಗೂಡಿ ಪ್ರಾಥಮಿಕ ಆರೋಗ್ಯಕೇಂದ್ರಗಳಿಗೆ ಸೌರವಿದ್ಯುತ್ತನ್ನು ಒದಗಿಸುವ ಕಾರ್ಯದಲ್ಲಿಯೂ ತೊಡಗಿದೆ. ಹೆರಿಗೆಯ ನಡುವೆ ವಿದ್ಯುತ್ತು ಹೋಗದಿರುವುದರ ಬೆಲೆಯನ್ನು ಯಾವ ಜಮಾಖರ್ಚಿನಲ್ಲಿ ಬರೆಯಬಹುದು? ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ದೊರೆತುದು ಈ ದೀರ್ಘ ಪರಿಶ್ರಮಕ್ಕೆ ಸಂದ ಮನ್ನಣೆ.

ಈ ವೃತ್ತಾಂತದಲ್ಲಿ ಕಂಪನಿಯು ದಾನಸಂಸ್ಥೆಯಂತೆ ನಟಿಸಲಿಲ್ಲ, ಬ್ಯಾಂಕು ಸಾಲವನ್ನು ಮನ್ನಾ ಮಾಡಿ ಹೆಸರು ಗಳಿಸಲಿಲ್ಲ, ಪ್ರತಿಷ್ಠಾನವು ಮಾರುಕಟ್ಟೆಯನ್ನು ಹಳಿಯಲಿಲ್ಲ. ತಂತಮ್ಮ ಧರ್ಮವನ್ನು ಬಿಡದೆಯೇ ಅವು ಪರಸ್ಪರ ಕೊರತೆಗಳನ್ನು ತುಂಬಿದವು. ಎಲ್ಲಕ್ಕಿಂತ ಮಿಗಿಲಾಗಿ, ಬಡವರನ್ನು ಕೈಯೊಡ್ಡುವವರೆಂದು ಭಾವಿಸದೆ, ಕೊಟ್ಟ ಮಾತಿಗೆ ನಡೆಯುವ ಗ್ರಾಹಕರೆಂದು ನಂಬಿದವು. ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತಾದರೂ ಎರಡಾಣೆಯನ್ನು ಗೌರವಿಸಿದ ಆ ಬುದ್ಧಿ ನಾಡಿನಲ್ಲಿ ಅಳಿಯಬೇಕಾಗಿಲ್ಲ. ಲೋಕಹಿತದ ಉದ್ಯಮವನ್ನು ಕಟ್ಟಬಯಸುವ ತರುಣರು ಯೋಜನೆಯನ್ನು ಬರೆಯುವುದಕ್ಕೆ ಮೊದಲು ಒಂದು ಸಂಜೆ ಬೀದಿಬದಿಯ ವ್ಯಾಪಾರಿಯ ಪಕ್ಕದಲ್ಲಿ ಕುಳಿತು, ಆಕೆ ಆ ದಿನದ ಹಣವನ್ನು ಎಣಿಸಿ ಹಂಚುವ ಬಗೆಯನ್ನು ಕಣ್ಣಾರೆ ಕಾಣಲಿ.