ನನ್ನ ಸೀಟಿನ ಹಿಂದಿನ ತೀರ್ಪು

ಸಿಇಟಿ ಸೀಟು ಸಿಕ್ಕ ದಿನ ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿಯುವ ಅಪ್ಪ ಕೇಳಿದ್ದು ಒಂದೇ ಮಾತು: ‘ಫೀಸು ಎಷ್ಟ ಆಗ್ತದ?’ ಸರ್ಕಾರಿ ಸೀಟು ಎಂದಾಗಲೇ ಅವರಿಗೆ ಸಮಾಧಾನ. 371(ಜೆ) ಮೀಸಲಾತಿಯೂ ನೆರವಾಯಿತು ಎನ್ನಿ, ಅದು ಸಂಸತ್ತು ಕೊಟ್ಟದ್ದು. ಸಿಇಟಿಯ ಹಿಂದೆ ಮಾತ್ರ ಕೋರ್ಟ್ ಇದೆ.

ಮೀರತ್‌ನ ಮೋಹಿನಿ ಜೈನ್ ತುಮಕೂರಿನ ಖಾಸಗಿ ಕಾಲೇಜಿನಲ್ಲಿ ಎಂಬಿಬಿಎಸ್ ಸೇರಲು ಹೊರಟಿದ್ದರು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000! ಆಕೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಕ್ಯಾಪಿಟೇಷನ್ ಶುಲ್ಕ ಕಾನೂನುಬಾಹಿರ ಎಂದು 1992ರಲ್ಲಿ ತೀರ್ಪು ಬಂತು. ಆದರೆ ಆಕೆಗೆ ಸೀಟು ಸಿಗಲಿಲ್ಲ, ಗೆದ್ದದ್ದು ನಮ್ಮಂಥವರಿಗಾಗಿ. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ, ಖಾಸಗಿ ಕಾಲೇಜುಗಳೂ ಅರ್ಧ ಸೀಟನ್ನು ಮೆರಿಟ್ ಮೇಲೆ ಸರ್ಕಾರಿ ಶುಲ್ಕಕ್ಕೇ ಕೊಡಬೇಕೆಂದಿತು ಕೋರ್ಟ್. 1994ರಲ್ಲಿ ಸಿಇಟಿ ಶುರುವಾಯಿತು.

2002ರಲ್ಲಿ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ ಆ ವ್ಯವಸ್ಥೆಯನ್ನು ತಳ್ಳಿಹಾಕಿತು. ಅಲ್ಲಿಂದ ಸೀಟು, ಶುಲ್ಕ ಎಂದರೆ ಸರ್ಕಾರ ಮತ್ತು ಕಾಲೇಜುಗಳ ನಡುವಿನ ಹಗ್ಗಜಗ್ಗಾಟ.

ನನಗಿಂತ ತುಸು ಹಿಂದಿನ ರ‍್ಯಾಂಕ್ ಬಂದ ವಾಡಿಯ ಗೆಳತಿಗೆ ಬೇಕಾದ ಬ್ರಾಂಚ್ ಮ್ಯಾನೇಜ್‌ಮೆಂಟ್ ಕೋಟಾದಲ್ಲಷ್ಟೇ ಉಳಿದಿತ್ತು. ಶುಲ್ಕ ಕೇಳಿದ ಅವಳಪ್ಪ ಮಾತಾಡದೆ ವಾಪಸ್ ರೈಲು ಹತ್ತಿದರು. ಅವಳೀಗ ಸೇಡಂನಲ್ಲಿ ಬಿಎಸ್ಸಿ ಓದುತ್ತಿದ್ದಾಳೆ.