ಗಡಿಗೆಯೊಳಗೊಂದು ಗಡಿಗೆ: ಎಷ್ಟು ತಂಪು, ಎಲ್ಲಿ ತಂಪು?

ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆ ತಂಪಿನಲ್ಲಿ ತರಕಾರಿಯನ್ನೂ ಇಡಬಹುದಲ್ಲವೆ? ಉತ್ತರ ನೈಜೀರಿಯದ ಶಿಕ್ಷಕ ಮೊಹಮ್ಮದ್ ಬಾಹ್ ಅಬ್ಬಾ 1990ರ ದಶಕದಲ್ಲಿ ಇದನ್ನು ಮಾಡಿ ತೋರಿಸಿದರು. ಅವರದು ಮಡಕೆ ಮಾಡುವ ಮನೆತನ. ದೊಡ್ಡ ಗಡಿಗೆಯೊಳಗೆ ಚಿಕ್ಕ ಗಡಿಗೆ, ನಡುವೆ ಒದ್ದೆ ಮರಳು, ಬಾಯಿಗೆ ಒದ್ದೆ ಬಟ್ಟೆ. ಉಪಕರಣ ಇಷ್ಟೇ! ಮೂರು ದಿನಕ್ಕೆ ಕೆಡುತ್ತಿದ್ದ ಬದನೆಕಾಯಿ ಇದರಲ್ಲಿ 27 ದಿನ ಉಳಿಯಿತೆಂದು ಅವರ ಪ್ರಯೋಗಗಳ ವರದಿ. 2000ದಲ್ಲಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ಬಂತು. ಇದಕ್ಕೂ ಮೊದಲೇ, 1980ರ ದಶಕದಲ್ಲಿ, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಇಟ್ಟಿಗೆಯ ಜೋಡಿ ಗೋಡೆಯ ನಡುವೆ ಒದ್ದೆ ಮರಳು ತುಂಬುವ ಶೀತಕೋಣೆಯನ್ನು ರೂಪಿಸಿತ್ತು. ಎರಡರ ತತ್ತ್ವವೂ ಒಂದೇ.

ಆದರೆ ಒಂದೇ ಅಳತೆಯ ಎರಡು ಜೋಡಿ ಗಡಿಗೆಗಳಲ್ಲಿ ಒಂದನ್ನು ರಾಯಚೂರಿನಲ್ಲಿ, ಇನ್ನೊಂದನ್ನು ಮಂಗಳೂರಿನಲ್ಲಿ ಇಟ್ಟರೆ ಫಲ ಒಂದೇ ಆಗದು. ಏಕೆ?

ನೀರಿನ ಅಣುಗಳಲ್ಲಿ ಹೆಚ್ಚು ವೇಗ ಇರುವವು ಮೇಲ್ಮೈಯಿಂದ ಹಾರಿಹೋಗುತ್ತವೆ. ಉಳಿದವುಗಳ ಸರಾಸರಿ ಶಕ್ತಿ ಇಳಿಯುತ್ತದೆ. ಅಂದರೆ ನೀರು ತಣ್ಣಗಾಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2400 ಕಿಲೋಜೂಲ್ ಉಷ್ಣ ಬೇಕು. ಇದೇ ಗುಪ್ತೋಷ್ಣ. 5 ಕಿಲೋಗ್ರಾಂ ತರಕಾರಿಯನ್ನು 38 ಡಿಗ್ರಿಯಿಂದ 26 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಲು ತೆಗೆಯಬೇಕಾದ ಉಷ್ಣ ಸುಮಾರು 240 ಕಿಲೋಜೂಲ್ ಮಾತ್ರ. ಲೆಕ್ಕಕ್ಕೆ 100 ಮಿಲಿಲೀಟರ್ ನೀರು ಸಾಕು. ಹಾಗಿದ್ದರೂ ಗಡಿಗೆಗೆ ದಿನವೂ ನೀರುಣಿಸಬೇಕಲ್ಲ? ಹೊರಗಿನ ಬಿಸಿ ಗಾಳಿಯಿಂದ ಉಷ್ಣ ಸದಾ ಒಳನುಗ್ಗುತ್ತಿರುತ್ತದೆ. ಉಳಿದ ನೀರೆಲ್ಲ ಅದನ್ನು ಹೊರಗಟ್ಟಲು ಖರ್ಚು. ದಿನಕ್ಕೆ ಒಂದು ಲೀಟರ್ ಆವಿಯಾದರೆ ಅದು ಸುಮಾರು 28 ವಾಟ್ ಸಾಮರ್ಥ್ಯಕ್ಕೆ ಸಮ.

ಒಳಬರುವ ಉಷ್ಣವೂ ಆವಿ ಕೊಂಡೊಯ್ಯುವ ಉಷ್ಣವೂ ಸಮವಾದಾಗ ತಾಪ ಇಳಿಯುವುದು ನಿಲ್ಲುತ್ತದೆ. ಎಷ್ಟೇ ನೀರು ಸುರಿದರೂ ಅದಕ್ಕಿಂತ ಕೆಳಗೆ ಹೋಗದು. ಈ ಮಿತಿಗೆ ‘ಒದ್ದೆ ಬಲ್ಬಿನ ತಾಪ’ ಎಂದು ಹೆಸರು. ಗಾಳಿ 40 ಡಿಗ್ರಿ ಇದ್ದು ಸಾಪೇಕ್ಷ ಆರ್ದ್ರತೆ ಶೇಕಡಾ 20 ಆಗಿದ್ದರೆ ಮಿತಿ ಸುಮಾರು 23 ಡಿಗ್ರಿ. ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಇಂಥದು. ಕರಾವಳಿಯಂತೆ 33 ಡಿಗ್ರಿ, ಆರ್ದ್ರತೆ ಶೇಕಡಾ 75 ಇದ್ದರೆ ಮಿತಿ 29 ಡಿಗ್ರಿ. ಅಲ್ಲಿ ಗಾಳಿಯಲ್ಲಿ ಮೊದಲೇ ಆವಿ ತುಂಬಿದೆ. ಹೊಸ ಆವಿಗೆ ಎಡೆ ಕಡಿಮೆ. ಮನೆಯ ಗಡಿಗೆಯಂತೂ ಈ ಮಿತಿಗಿಂತ ಕೆಲವು ಡಿಗ್ರಿ ಮೇಲೆಯೇ ನಿಲ್ಲುತ್ತದೆ. ಇದನ್ನು ‘ಬಡವರ ಫ್ರಿಜ್’ ಎಂದು ಹೊಗಳಿ ಬರೆಯುವವರು ಈ ಮಾತನ್ನು ಹೇಳುವುದೇ ಇಲ್ಲ!

ಆದ್ದರಿಂದ ಗಡಿಗೆ ಕೊಳ್ಳುವ ಮೊದಲು ಅಳೆದು ನೋಡಿ. ಒಂದೇ ಬಗೆಯ ಎರಡು ಕೋಣೆ ತಾಪಮಾಪಕಗಳನ್ನು ತನ್ನಿ. ಒಂದರ ಬಲ್ಬಿಗೆ ತೆಳು ಹತ್ತಿ ಬಟ್ಟೆ ಸುತ್ತಿ ನೀರಿನಲ್ಲಿ ನೆನೆಸಿ. ಎರಡನ್ನೂ ನೆರಳಿನಲ್ಲಿ ತೂಗುಹಾಕಿ ಐದು ನಿಮಿಷ ಬೀಸಣಿಗೆಯಿಂದ ಗಾಳಿ ಹಾಕಿ. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಎರಡರ ವ್ಯತ್ಯಾಸ 10 ಡಿಗ್ರಿಗೂ ಮೀರಿದ್ದರೆ ಕೆಲಸಕ್ಕೆ ತೊಡಗಬಹುದು. 4 ಡಿಗ್ರಿಯಷ್ಟೇ ಇದ್ದರೆ ಶ್ರಮ ದಂಡ.

ಹೊರಗಿನ ಗಡಿಗೆಗೆ ಬಣ್ಣ, ಮೆರುಗು ಯಾವುದೂ ಇರಬಾರದು. ಸೂಕ್ಷ್ಮ ರಂಧ್ರಗಳು ಮುಚ್ಚಿಹೋಗುತ್ತವೆ. ತಳದಲ್ಲಿ ತೂತಿದ್ದರೆ ಜೇಡಿಮಣ್ಣಿನಿಂದ ಮುಚ್ಚಿ. ಎರಡೂ ಗಡಿಗೆಗಳ ಬಾಯಿ ಒಂದೇ ಮಟ್ಟಕ್ಕೆ ಬರುವಷ್ಟು ತಳದಲ್ಲಿ ಮರಳು ಹಾಕಿ, ಸುತ್ತಲೂ ಎರಡು ಬೆರಳಗಲ ತುಂಬಿ. ಸಮುದ್ರದ ಮರಳು ಬೇಡ, ಉಪ್ಪು ಕಾಟ ಕೊಡುತ್ತದೆ. ಮೂರು ಇಟ್ಟಿಗೆಗಳ ಮೇಲೆ, ನೆರಳಿದ್ದು ಗಾಳಿಯಾಡುವ ಕಡೆ ಇಡಿ. ಬೆಳಿಗ್ಗೆ, ಸಂಜೆ ಮರಳಿಗೆ ನೀರುಣಿಸಿ. ಬೋರ್‌ವೆಲ್ ನೀರಾದರೆ ಕೆಲವು ವಾರಗಳಲ್ಲಿ ಹೊರಮೈ ಮೇಲೆ ಬಿಳಿ ಪುಡಿ ಕಟ್ಟಬಹುದು. ತೆಂಗಿನ ನಾರಿನಿಂದ ಉಜ್ಜಿ ತೆಗೆಯಿರಿ.

ಒಳಗೆ ತೇವ ಹೆಚ್ಚು. ಸೊಪ್ಪು, ಬದನೆ, ಟೊಮೇಟೊ, ಕ್ಯಾರೆಟ್‌ಗಳಿಗೆ ಇದು ಹಿತ, ಬಾಡುವುದು ನಿಧಾನವಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಇಟ್ಟರೆ ಮೊಳೆಯುತ್ತವೆ ಅಥವಾ ಕೊಳೆಯುತ್ತವೆ. ಹಾಲು, ಮೀನು, ಮಾಂಸ ಬೇಡವೇ ಬೇಡ. 25 ಡಿಗ್ರಿಯಲ್ಲಿ ಬ್ಯಾಕ್ಟೀರಿಯಗಳು ಚೆನ್ನಾಗಿಯೇ ಬೆಳೆಯುತ್ತವೆ.

ಫ್ರಿಜ್ ಇಲ್ಲದ ಮನೆಗಳಲ್ಲಿ ಮಧುಮೇಹಿಗಳು ಇನ್ಸುಲಿನ್ ಸೀಸೆಯನ್ನು ಮಣ್ಣಿನ ಗಡಿಗೆಯಲ್ಲಿ ಇಡುವುದುಂಟು. ತೆರೆಯದ ಸೀಸೆಗೆ 2ರಿಂದ 8 ಡಿಗ್ರಿ ತಂಪು ಬೇಕು. ಅದು ಗಡಿಗೆಯಿಂದ ಸಾಧ್ಯವಿಲ್ಲ. ಬಳಕೆಯಲ್ಲಿರುವ ಸೀಸೆಯ ಮಾತು ಬೇರೆ. ಹಲವು ಬಗೆಯ ಇನ್ಸುಲಿನ್‌ಗಳನ್ನು 25ರಿಂದ 30 ಡಿಗ್ರಿ ಮೀರದಂತೆ ಸುಮಾರು ನಾಲ್ಕು ವಾರ ಇಡಬಹುದು; ಖಚಿತ ಮಿತಿ ಔಷಧದ ಚೀಟಿಯಲ್ಲಿ ಇರುತ್ತದೆ. ಕೋಣೆ 40 ಡಿಗ್ರಿ ಕಾಯುವ ಊರಿನಲ್ಲಿ 26 ಡಿಗ್ರಿಯ ಗಡಿಗೆ ಇದಕ್ಕೆ ನಿಜವಾಗಿ ನೆರವಾಗುತ್ತದೆ. ಸೀಸೆಯನ್ನು ನೀರು ಸೇರದ ಬಿಗಿ ಡಬ್ಬಿಯಲ್ಲಿಡಬೇಕು. ಅದಕ್ಕೂ ಮೊದಲು ಒಂದು ವಾರ ಒಳಗಡಿಗೆಯಲ್ಲಿ ತಾಪಮಾಪಕವಿಟ್ಟು ದಿನವೂ ಮಧ್ಯಾಹ್ನ ಮೂರು ಗಂಟೆಗೆ ಓದಿ ಬರೆದುಕೊಳ್ಳಿ. ಆ ಪಟ್ಟಿಯನ್ನು ವೈದ್ಯರಿಗೆ ತೋರಿಸಿ. ಜೂನ್‌ನಲ್ಲಿ ಮಳೆಗಾಲ ಹಿಡಿದ ಮೇಲೆ ಮತ್ತೊಮ್ಮೆ ಅಳೆಯಬೇಕು.